ಜಗಳದ ಊರಿಗೆ ಬಂದ ಬರಿಗಾಲ ಗುರು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಊಟದ ವಿಷಯದಲ್ಲಿ ಈಗ ನಮ್ಮಲ್ಲಿ ಬಹಳ ಮಂದಿ ಜಾಗರೂಕರು. ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂದು ಅಳೆಯುತ್ತೇವೆ. ಮಾತಿನ ವಿಷಯದಲ್ಲಿ ಮಾತ್ರ ಅಳತೆಗೋಲು ಕೈಗೆ ಸಿಕ್ಕಿಲ್ಲ. ಗಂಡ ಹೆಂಡತಿಯ ನಡುವೆ, ಅಪ್ಪ ಮಗನ ನಡುವೆ, ಪಾಲಿನ ವಿಷಯದಲ್ಲಿ ಅಣ್ಣ ತಮ್ಮಂದಿರ ನಡುವೆ, ಧರ್ಮಕೇಂದ್ರದ ಪಾಲನಾ ಮಂಡಳಿಯ ಸಭೆಯಲ್ಲಿ ನಾವು ವಾದಿಸುತ್ತೇವೆ. ವಾದ ಮುಗಿಯುವ ಹೊತ್ತಿಗೆ ಪ್ರಶ್ನೆ ಎಲ್ಲಿತ್ತೋ ಅಲ್ಲಿಯೇ ಇರುತ್ತದೆ, ಮನಸ್ಸು ಮಾತ್ರ ಮುರಿದಿರುತ್ತದೆ.

ಹಾಗಾದರೆ ಒಳ್ಳೆಯ ಕ್ರೈಸ್ತನು ವಾದವನ್ನೇ ಮಾಡಬಾರದೇ? ಬಾಯಿ ಮುಚ್ಚಿಕೊಂಡು ಇರುವುದೇ ಸಾತ್ವಿಕತೆಯೇ? ಈ ಪ್ರಶ್ನೆಗೆ ನಮ್ಮ ನೆಲದಲ್ಲಿಯೇ ಓಡಾಡಿದ ಒಬ್ಬ ಸಂತರ ಜೀವನ ಉತ್ತರ ಕೊಡುತ್ತದೆ. ಕುಂದಾಪುರ, ಬಸ್ರೂರು, ಗಂಗೊಳ್ಳಿಯ ದಾರಿಗಳಲ್ಲಿ ಬರಿಗಾಲಲ್ಲಿ ನಡೆದ ಸಂತ ಜೋಸೆಫ್ ವಾಜರು ನಮಗೆ ಪ್ರಾರ್ಥನೆಯ ಗುರುಗಳಾಗಿ, ಶ್ರೀಲಂಕೆಯ ಪ್ರೇಷಿತರಾಗಿ ಪರಿಚಿತರು. ಆದರೆ ಅವರನ್ನು ಮೊದಲು ನಮ್ಮ ಕರಾವಳಿಗೆ ಕಳುಹಿಸಿದ್ದು ಒಂದು ವ್ಯಾಜ್ಯದಲ್ಲಿ ಒಂದು ಪಕ್ಷದ ಪರವಾಗಿ ವಾದಿಸಲು ಎಂಬುದು ಎಷ್ಟು ಮಂದಿಗೆ ಗೊತ್ತು?

ವಾದದ ಪಾಠ ಕಲಿತ ಹುಡುಗ

ಜೋಸೆಫ್ ವಾಜರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಳಿಯಲ್ಲಿ, ತಾಯಿಯ ತವರಿನಲ್ಲಿ. ತಂದೆ ಕ್ರಿಸ್ತೊವಾ ವಾಜ್, ತಾಯಿ ಮರಿಯಾ ದೆ ಮಿರಾಂದ. ತಂದೆಯ ಊರು ಸಾಂಕ್ವಾಳ. ಮನೆಮಾತು ಕೊಂಕಣಿ. ಶಾಲೆಯಲ್ಲಿ ಪೋರ್ತುಗೀಸ್ ಮತ್ತು ಲ್ಯಾಟಿನ್ ಕಲಿತರು. ಅನಂತರ ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಭಾಷಣಕಲೆ ಮತ್ತು ಸಾಹಿತ್ಯವನ್ನೂ, ದೊಮಿನಿಕ್ ಸಭೆಯವರ ಸಂತ ತೋಮಸ್ ಅಕ್ವಿನಾಸರ ವಿದ್ಯಾಲಯದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನೂ ಓದಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದ ದೈವಶಾಸ್ತ್ರದ ಶಾಲೆಗಳಲ್ಲಿ ವಾದವೆಂಬುದು ಪಾಠದ ಒಂದು ಭಾಗವೇ ಆಗಿತ್ತು. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ದೊಡ್ಡ ಗ್ರಂಥವನ್ನು ಬರೆದ ಕ್ರಮವೂ ಹಾಗೆಯೇ. ಮೊದಲು ತಮ್ಮ ಅಭಿಪ್ರಾಯಕ್ಕೆ ಎದುರಾಗಿ ಏನೇನು ಹೇಳಬಹುದೋ ಅದನ್ನೆಲ್ಲ ಬರೆದು, ಬಳಿಕ ತಮ್ಮ ಉತ್ತರ ಹೇಳಿ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ ಕೊಡುತ್ತಾರೆ. ಶಿಷ್ಯರ ವಾದಕೂಟದಲ್ಲಿಯೂ ಅದೇ ನಿಯಮ. ಎದುರಾಳಿ ಹೇಳಿದ್ದನ್ನು ಮೊದಲು ತನ್ನ ಬಾಯಿಂದ ತಿರುಗಿ ಹೇಳಬೇಕು. ಆಮೇಲೆ ಅದರಲ್ಲಿ ಒಪ್ಪುವುದೆಷ್ಟು, ಒಪ್ಪದಿರುವುದೆಷ್ಟು, ಯಾವ ಅರ್ಥದಲ್ಲಿ ಸರಿ, ಯಾವ ಅರ್ಥದಲ್ಲಿ ತಪ್ಪು ಎಂದು ಬಿಡಿಸಿ ಹೇಳಬೇಕು. ಪೂರ್ತಿ ಕೇಳದೆ ಉತ್ತರ ಕೊಡುವವನಿಗೆ ಅಲ್ಲಿ ಬೆಲೆಯಿರಲಿಲ್ಲ.

1676ರಲ್ಲಿ ವಾಜರಿಗೆ ಗುರುದೀಕ್ಷೆಯಾಯಿತು. ಬಡವರಂತೆ ಬರಿಗಾಲಲ್ಲಿ ನಡೆಯುವ ಅಭ್ಯಾಸ ಮಾಡಿಕೊಂಡರು. ಒಳ್ಳೆಯ ಬೋಧಕರೆಂದೂ, ಪಾಪನಿವೇದನೆ ಕೇಳುವುದರಲ್ಲಿ ತಾಳ್ಮೆಯುಳ್ಳವರೆಂದೂ ಹೆಸರು ಬಂತು. ಸಾಂಕ್ವಾಳದಲ್ಲಿ ಗುರುಗಳಾಗಬಯಸುವ ಹುಡುಗರಿಗಾಗಿ ಲ್ಯಾಟಿನ್ ಶಾಲೆ ತೆರೆದರು. 1677ರಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ದಾಸರೆಂದು ಬರೆದು ಒಪ್ಪಿಸಿಕೊಂಡರು. ಮನಸ್ಸು ಸಿಲೋನಿನ ಕಡೆಗಿತ್ತು. ಡಚ್ಚರ ಆಡಳಿತದಲ್ಲಿ ಅಲ್ಲಿನ ಕಥೋಲಿಕರಿಗೆ ಗುರುಗಳೇ ಇಲ್ಲವೆಂದು ತಿಳಿದು, ಅಲ್ಲಿಗೆ ಹೋಗಲು ಅಪ್ಪಣೆ ಕೇಳಿದರು. ಹಿರಿಯರು ಕಳುಹಿಸಿದ್ದು ಬೇರೆ ಕಡೆಗೆ. 1681ರಲ್ಲಿ ಅವರನ್ನು ಕೆನರಾದ ಫೊರೇನ್ ವಿಕಾರರನ್ನಾಗಿ ನೇಮಿಸಿದರು.

ಎರಡು ಅಧಿಕಾರ, ಒಂದು ಮಂದೆ

ಆಗ ನಮ್ಮ ಕರಾವಳಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಬಸ್ರೂರಿನಂಥ ಬಂದರುಗಳಲ್ಲಿ ಕೋಟೆ ಕಟ್ಟಿ ಕೂತಿದ್ದ ಪೋರ್ತುಗೀಸರನ್ನು ಶಿವಪ್ಪ ನಾಯಕನು 1650ರ ದಶಕದಲ್ಲಿಯೇ ಹೊರಗೆ ಅಟ್ಟಿದ್ದನು. ಕ್ರೈಸ್ತರು ಮಾತ್ರ ಇಲ್ಲಿಯೇ ಉಳಿದಿದ್ದರು. ಅವರನ್ನು ನೋಡಿಕೊಳ್ಳುವವರು ಯಾರು ಎಂಬುದೇ ಜಗಳದ ಮೂಲ.

ಗೋವೆಯವರ ವಾದ ಹೀಗಿತ್ತು. ಪೂರ್ವದೇಶಗಳ ಧರ್ಮಸಭೆಯನ್ನು ಪೋಷಿಸುವ ಹೊಣೆಯನ್ನೂ, ಧರ್ಮಾಧ್ಯಕ್ಷರನ್ನು ಹೆಸರಿಸುವ ಹಕ್ಕನ್ನೂ ಪೋಪರು ಪೋರ್ತುಗಲ್ಲಿನ ಅರಸರಿಗೆ ಕೊಟ್ಟಿದ್ದಾರೆ. ಇದಕ್ಕೆ ಪದ್ರುವಾದೊ ಎಂದು ಹೆಸರು. ಕೊಟ್ಟ ಹಕ್ಕನ್ನು ಕೇಳದೆ ಕಿತ್ತುಕೊಳ್ಳುವಂತಿಲ್ಲ. ರೋಮಿನವರ ವಾದ ಬೇರೆ. ಅರಸನ ಕೈ ತಲುಪದ ಊರುಗಳಲ್ಲಿ ವಿಶ್ವಾಸಿಗಳು ಕುರುಬನಿಲ್ಲದ ಕುರಿಗಳಾಗಿದ್ದಾರೆ. ಅಂಥ ಕಡೆಗಾಗಿಯೇ 1622ರಲ್ಲಿ ಪ್ರೊಪಗಾಂಡವೆಂಬ ವಿಶ್ವಾಸ ಪ್ರಸಾರ ಸಭೆಯನ್ನು ಸ್ಥಾಪಿಸಿದ್ದೇವೆ. ಅದರ ಮೂಲಕ ಪೋಪರು ತಮ್ಮ ಪ್ರತಿನಿಧಿಯನ್ನು ನೇರವಾಗಿ ಕಳುಹಿಸಬಹುದು. ಹಾಗೆ 1675ರಲ್ಲಿ ನೇಮಕವಾಗಿ ಬಂದವರೇ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ. ಅವರೂ ಗೋವೆಯ ಮಗನೇ. ಮಂಗಳೂರಿನಲ್ಲಿ ನೆಲೆಸಿದರು. ಗೋವೆಯ ಧರ್ಮಾಡಳಿತ ಅವರನ್ನು ಒಪ್ಪಲಿಲ್ಲ.

ಪ್ರಿಯ ಓದುಗರೇ, ಇದು ಬರಿಯ ಗದ್ದುಗೆಯ ಜಗಳವೆಂದು ತಿಳಿಯಬೇಡಿ. ಟ್ರೆಂಟ್ ಮಹಾಸಭೆಯು 1563ರಲ್ಲಿ ಮಾಡಿದ ನಿಯಮದಂತೆ ವಿವಾಹವು ಅಧಿಕಾರವುಳ್ಳ ಗುರುವಿನ ಮುಂದೆ ನಡೆಯಬೇಕು. ಪಾಪನಿವೇದನೆ ಕೇಳುವುದಕ್ಕೂ ಅಧಿಕಾರ ಬೇಕು. ಅಧಿಕಾರ ಯಾರದೆಂಬುದೇ ಸಂಶಯವಾದರೆ, ಬಸ್ರೂರಿನ ಒಬ್ಬ ತಾಯಿ ತನ್ನ ಮಗಳ ಮದುವೆ ಸಿಂಧುವೋ ಅಲ್ಲವೋ ಎಂದು ಕಳವಳಪಡಬೇಕಾಗುತ್ತದೆ. ಸಾಯುವ ಮುದುಕನಿಗೆ ತನಗೆ ಸಿಕ್ಕಿದ ಪಾಪವಿಮೋಚನೆ ನಿಜವಾದುದೇ ಎಂಬ ಭಯ ಹುಟ್ಟುತ್ತದೆ. ದೊಡ್ಡವರ ವಾದದ ಪೆಟ್ಟು ಬಿದ್ದದ್ದು ಚಿಕ್ಕವರ ಮನೆಯ ಮೇಲೆ. ವಿಶ್ವಾಸಿಗಳು ಎರಡು ಪಂಗಡವಾದರು. ಇಂಥ ಕೆನರಾಕ್ಕೆ 30 ವರ್ಷದ ವಾಜರು ಕಾಲಿಟ್ಟರು. ಅವರ ಕೈಯಲ್ಲಿದ್ದುದು ಗೋವೆಯ ನೇಮಕ ಪತ್ರ.

ಮೊದಲು ಎದುರಿನವರ ಕಾಗದ ಓದಿದರು

ಒಂದು ಪಕ್ಷದ ವಕೀಲನಾಗಿ ಬಂದವನು ಮಾಡುವ ಮೊದಲ ಕೆಲಸವೇನು? ತನ್ನ ಪಕ್ಷದವರನ್ನು ಒಟ್ಟುಗೂಡಿಸಿ ಎದುರಿನವರ ತಪ್ಪುಗಳನ್ನು ಪಟ್ಟಿ ಮಾಡುವುದು. ವಾಜರು ನೇರವಾಗಿ ಧರ್ಮಾಧ್ಯಕ್ಷ ಕಾಸ್ತ್ರೊರನ್ನು ಕಂಡರು. ಧರ್ಮಾಧ್ಯಕ್ಷರು ತಮ್ಮ ನೇಮಕದ ಪತ್ರಗಳನ್ನು ತೋರಿಸಿ, ಈ ಸ್ಥಳದ ಹಿರಿಯರೆಂದು ತಮ್ಮನ್ನು ಒಪ್ಪಬೇಕೆಂದರು. ವಾಜರು ಆ ಪತ್ರಗಳನ್ನು ತಳ್ಳಿಹಾಕಲಿಲ್ಲ. ಅವುಗಳಿಗೆ ತೂಕವಿದೆಯೆಂದು ಕಂಡಾಗ ಅದನ್ನು ಮರೆಮಾಚಲಿಲ್ಲ. ತಮ್ಮನ್ನು ಕಳುಹಿಸಿದವರನ್ನು ಬಿಟ್ಟು ಈ ಕಡೆಗೆ ಹಾರಿಯೂ ಬಿಡಲಿಲ್ಲ.

ಈಗ ಅವರು ಮಾಡಬೇಕಾದ ವಾದ ತಮ್ಮ ಕಡೆಯವರೊಡನೆಯೇ ಆಗಿತ್ತು. ಎದುರಾಳಿಯೊಡನೆ ವಾದಿಸುವುದು ಸುಲಭ. ನಮ್ಮವರ ಚಪ್ಪಾಳೆ ನಮಗಿರುತ್ತದೆ. ನಮ್ಮವರಿಗೇ ನಿಲ್ಲಿ, ಅವರ ಮಾತಿನಲ್ಲಿಯೂ ಹುರುಳಿದೆ ಎನ್ನುವುದು ಕಷ್ಟ. ದ್ರೋಹಿ ಎಂಬ ಹೆಸರು ಬರುವುದು ಅಲ್ಲಿಯೇ. ಹೊಸ ಅಪ್ಪಣೆ ಬರುವವರೆಗಾದರೂ ಜಗಳ ನಿಲ್ಲಿಸೋಣವೆಂದು ವಾಜರು ಗೋವೆಯವರನ್ನು ಒಪ್ಪಿಸಲು ಯತ್ನಿಸಿದರು. ಗೋವೆ ಒಪ್ಪಲಿಲ್ಲ. ಮಹಾಧರ್ಮಾಧ್ಯಕ್ಷ ಮನುವೆಲ್ ದೆ ಸೋಜ ಇ ಮೆನೆಜಸರು, ಕಾಸ್ತ್ರೊರ ನೇಮಕದ ದಾಖಲೆಗಳು ನಿಜವಾದುವಲ್ಲವೆಂದು ಬಹಿರಂಗ ಪತ್ರವನ್ನೇ ಹೊರಡಿಸಿದರು.

ವಾಜರ ವಾದ ಸೋತಿತು ಎಂದು ಯಾರಿಗಾದರೂ ಅನಿಸುವ ಗಳಿಗೆ ಅದು. ಅವರು ಮೇಲಿನವರ ವಿರುದ್ಧ ಪಂಗಡ ಕಟ್ಟಲಿಲ್ಲ. ಧರ್ಮಾಧ್ಯಕ್ಷರ ಮನೆಗೆ ಹೋಗುವುದನ್ನೂ ನಿಲ್ಲಿಸಲಿಲ್ಲ. ಎರಡೂ ಬಾಗಿಲುಗಳನ್ನು ತೆರೆದಿಟ್ಟುಕೊಂಡು ಮಾತು ಮುಂದುವರಿಸಿದರು. 1684ರಲ್ಲಿ ಮೆನೆಜಸರು ತೀರಿಕೊಂಡ ಬಳಿಕ ಗೋವೆಯವರ ಮನಸ್ಸನ್ನು ಸ್ವಲ್ಪ ಮೆದು ಮಾಡಲು ಅವರಿಗೆ ಸಾಧ್ಯವಾಯಿತು. ಧರ್ಮಾಧ್ಯಕ್ಷರೂ ಒಂದು ಹೆಜ್ಜೆ ಹಿಂದೆ ಸರಿಯಲು ಒಪ್ಪಿದರು. ತಮ್ಮ ಮನವಿಯನ್ನು ಮೊಹರು ಮಾಡಿ ರೋಮಿನ ವಿಶ್ವಾಸ ಪ್ರಸಾರ ಸಭೆಗೆ ಕಳುಹಿಸಬೇಕು, ಅಲ್ಲಿಂದ ಬರುವ ಉತ್ತರಕ್ಕೆ ತಾವು ತಲೆಬಾಗುವೆವು, ಅಲ್ಲಿಯವರೆಗೆ ಗೋವೆಯ ಒಪ್ಪಿಗೆಯಿಲ್ಲದೆ ಅಧಿಕಾರ ಚಲಾಯಿಸುವುದಿಲ್ಲ ಎಂಬ ಒಪ್ಪಂದವಾಯಿತು. ವಾಜರಾದರೋ ತಮ್ಮ ಅಧಿಕಾರವನ್ನು ಧರ್ಮಾಧ್ಯಕ್ಷರ ಸಲಹೆಯಂತೆ ವಿವೇಕದಿಂದ ಬಳಸುತ್ತಾ ಹೋದರು.

ಈ ಒಪ್ಪಂದದ ಗುಟ್ಟು ಏನು? ವಾಜರು ಒಂದು ಜಗಳದೊಳಗೆ ಹೆಣೆದುಕೊಂಡಿದ್ದ ಎರಡು ಪ್ರಶ್ನೆಗಳನ್ನು ಬಿಡಿಸಿ ಬೇರೆ ಮಾಡಿದರು. ಹಕ್ಕು ನಿಜವಾಗಿ ಯಾರದು ಎಂಬುದು ಒಂದು ಪ್ರಶ್ನೆ. ಅದನ್ನು ತೀರ್ಮಾನಿಸುವ ಶಕ್ತಿ ಮಂಗಳೂರಿನಲ್ಲಿ ಯಾರಿಗೂ ಇರಲಿಲ್ಲ. ಅದು ರೋಮಿನ ಕೆಲಸ. ಉತ್ತರ ಬರುವ ತನಕ ಜನರು ಏನು ಮಾಡಬೇಕು ಎಂಬುದು ಇನ್ನೊಂದು ಪ್ರಶ್ನೆ. ಅದನ್ನು ಇಲ್ಲಿಯೇ ತೀರಿಸಬಹುದಿತ್ತು. ಆಗ ಯುರೋಪಿಗೆ ಕಾಗದ ಹಾಯಿಹಡಗಿನಲ್ಲಿ, ಗಾಳಿಯ ಕಾಲ ನೋಡಿ ಹೋಗಬೇಕು. ಉತ್ತರಕ್ಕೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾಲ ಮದುವೆ, ನಾಮಕರಣ, ಸಾವು ಕಾಯುತ್ತವೆಯೇ?

ಸತ್ಯ ಹೇಳಬೇಕೆಂದರೆ ಆ ಇಬ್ಬಗೆಯ ಅಧಿಕಾರದ ವ್ಯಾಜ್ಯ ವಾಜರಿಂದ ಪೂರ್ತಿ ಮುಗಿಯಲಿಲ್ಲ. ಭಾರತದಲ್ಲಿ ಅದು 19ನೇ ಶತಮಾನದವರೆಗೂ ಬೇರೆ ಬೇರೆ ರೂಪದಲ್ಲಿ ಹೊಗೆಯಾಡುತ್ತಲೇ ಇತ್ತು. ಕಾಸ್ತ್ರೊ ಅವರೂ 1684ರಲ್ಲಿಯೇ ಮರಣ ಹೊಂದಿದರು. ಆದರೆ ಹೊಡೆದಾಟಕ್ಕೆ ಬಂದಿದ್ದ ಜನರು ಒಟ್ಟಿಗೆ ಮೊಣಕಾಲೂರುವಂತಾಯಿತಲ್ಲ, ಅದೇ ಅವರ ಗೆಲುವು.

ಪಂಚಗಂಗಾವಳಿಯ ದಡದಲ್ಲಿ

ವಾಜರು ವಾದದ ನಡುವೆ ಕೆಲಸ ನಿಲ್ಲಿಸಲಿಲ್ಲ ಎಂಬುದನ್ನು ಮುಖ್ಯವಾಗಿ ನೆನೆಯಬೇಕು. ಮಂಗಳೂರಿನಿಂದ ಕುಂದಾಪುರಕ್ಕೆ ಇಂದು ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅಂದು ಸೇತುವೆಗಳಿಲ್ಲ. ಹೊಳೆಯ ಮೇಲೆ ಹೊಳೆ ದಾಟಬೇಕು. ಆ ದಾರಿಯಲ್ಲಿ ಓಡಾಡಿ ಮಂಗಳೂರಿನಲ್ಲಿಯೂ ಬಸ್ರೂರಿನಲ್ಲಿಯೂ ಶಾಲೆಗಳನ್ನು ತೆರೆದರು. ಹೊನ್ನಾವರ, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಇಗರ್ಜಿ ಕಟ್ಟಿಸಿದ ಕೀರ್ತಿಯನ್ನು ಚರಿತ್ರೆ ಬರೆದವರು ಅವರಿಗೆ ಕೊಡುತ್ತಾರೆ. ಕುಂದಾಪುರದ ಇಗರ್ಜಿಯಲ್ಲಿ ಅವರು ಶಿಲುಬೆಯ ಮುಂದೆ ಪ್ರಾರ್ಥಿಸುತ್ತಾ ಮೈಮರೆಯುತ್ತಿದ್ದರೆಂಬ ಹೇಳಿಕೆ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿದೆ.

ಯಾವ ಪಂಗಡದವನ ಮಗುವಾದರೂ ಅಕ್ಷರ ಕಲಿಯಲು ಬರಬಹುದು. ಗೋಡೆ ಕಟ್ಟಲು ಕಲ್ಲು ಹೊರುವಾಗ ಪಕ್ಕದವನು ಯಾವ ಕಡೆಯವನೆಂದು ಕೇಳುವ ಪುರುಸೊತ್ತು ಇರುವುದಿಲ್ಲ. ಮಾತಿನಿಂದ ಬೇರೆಯಾದವರನ್ನು ಕೆಲಸ ಹತ್ತಿರ ತರುತ್ತದೆ. ವಾದಿಸುವವನ ಬದುಕನ್ನು ಜನ ನೋಡುತ್ತಾರೆ. ತನಗಾಗಿ ಏನನ್ನೂ ಕೇಳದವನ ಮಾತಿಗೆ ಕಿವಿ ತಾನಾಗಿ ತೆರೆದುಕೊಳ್ಳುತ್ತದೆ.

ಭಾಷೆ ಕಲಿತ ಸೆರೆಯಾಳು

1684ರಲ್ಲಿ ವಾಜರು ಗೋವೆಗೆ ಹಿಂದಿರುಗಿದರು. ಮರುವರ್ಷ ಹಳೆಗೋವೆಯಲ್ಲಿ ಸ್ಥಳೀಯ ಗುರುಗಳ ಸಣ್ಣ ಗುಂಪೊಂದನ್ನು ಸೇರಿ, ಅದನ್ನು ಸಂತ ಫಿಲಿಪ್ ನೇರಿಯವರ ಒರೆಟರಿ ಸಭೆಯ ನಿಯಮಕ್ಕೆ ತಂದು ಬಲಪಡಿಸಿದರು. 1686ರಲ್ಲಿ ಸಿಲೋನಿಗೆ ಹೊರಟರು. 1687ರಲ್ಲಿ ಕೂಲಿಯವನ ವೇಷದಲ್ಲಿ ಆ ದ್ವೀಪ ಸೇರಿದರು. ಡಚ್ಚರ ಭಯದಿಂದ ಕಥೋಲಿಕರು ಅಡಗಿದ್ದರು. ವಾಜರು ಕೊರಳಲ್ಲಿ ಜಪಸರ ಹಾಕಿಕೊಂಡು ಮನೆ ಮನೆಯಲ್ಲಿ ಭಿಕ್ಷೆ ಬೇಡುತ್ತಾ, ಅದನ್ನು ಕಂಡು ಯಾರ ಮುಖ ಅರಳುತ್ತದೆಂದು ಗಮನಿಸಿದರಂತೆ. ಬಾಯಿ ತೆರೆಯುವ ಮೊದಲು ಕಣ್ಣು ತೆರೆಯುವುದು ಅವರ ರೀತಿ.

1692ರಲ್ಲಿ ಕ್ಯಾಂಡಿಗೆ ಹೋದಾಗ, ಅಲ್ಲಿನ ಆಸ್ಥಾನದಲ್ಲಿದ್ದ ಲಾನೆರೋಲ್ ಎಂಬ ಫ್ರೆಂಚ್ ಕ್ಯಾಲ್ವಿನ್ ಪಂಥದವನು ಅವರನ್ನು ಪೋರ್ತುಗೀಸರ ಗೂಢಚಾರನೆಂದು ದೂರಿದನು. ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿಟ್ಟನು. ಇಂಥ ಆಪಾದನೆಗೆ ಮಾತಿನಲ್ಲಿ ಉತ್ತರವಿಲ್ಲ. ನಾನು ಗೂಢಚಾರನಲ್ಲ ಎಂದಷ್ಟೂ ಸಂಶಯ ಹೆಚ್ಚುತ್ತದೆ. ವಾಜರು ಸೆರೆಯಲ್ಲಿ ಕೂತು ಸಿಂಹಳ ಭಾಷೆ ಕಲಿತರು. ತನ್ನನ್ನು ಅನುಮಾನಿಸುವವರ ಭಾಷೆಯನ್ನು ಅವರಿಗಾಗಿ ಕಲಿಯುವುದಕ್ಕಿಂತ ದೊಡ್ಡ ಉತ್ತರ ಯಾವುದಿದೆ? ಕ್ರಮೇಣ ಅರಸನ ಅನುಮಾನ ಕರಗಿತು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂತೆಂಬ ನಂಬಿಕೆ ಅಲ್ಲಿ ಬಲವಾಗಿದೆ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನರು ತಮ್ಮ ರೋಗಿಗಳನ್ನೇ ಬಿಟ್ಟು ಓಡಿದಾಗ, ವಾಜರು ಜಾತಿ ಮತ ನೋಡದೆ ರೋಗಿಗಳ ಹುಣ್ಣು ತೊಳೆದು, ಸತ್ತವರನ್ನು ಹೂಳಿದರು. ಆ ಬಳಿಕ ಗೂಢಚಾರನೆಂಬ ಮಾತಿಗೆ ಕಿವಿಗೊಡುವವರು ಯಾರು?

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿಯೇ ಕೊನೆಯುಸಿರೆಳೆದರು. ಪೋಪ್ ಎರಡನೇ ಜಾನ್ ಪೌಲರು 1995ರ ಜನವರಿ 21ರಂದು ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ನಮ್ಮ ಮನೆಯ ಮಾತು

ಈಗ ನಮ್ಮ ಮನೆಗೆ ಬರೋಣ. ತಂದೆ ತೀರಿಕೊಂಡ ಮೇಲೆ ಇಬ್ಬರು ಅಣ್ಣ ತಮ್ಮಂದಿರಿಗೆ ಹಳೆಯ ಹಂಚಿನ ಮನೆಯ ವಿಷಯದಲ್ಲಿ ವ್ಯಾಜ್ಯ ಬಂದಿದೆ ಎಂದುಕೊಳ್ಳಿ. ಒಬ್ಬನು ಮುಂಬೈಯಲ್ಲಿ, ಇನ್ನೊಬ್ಬನು ತಾಯಿಯೊಡನೆ ಊರಲ್ಲಿ. ಕಾಗದಪತ್ರದ ಪ್ರಶ್ನೆ ನ್ಯಾಯಾಲಯದಲ್ಲಿ ಐದು ವರ್ಷ ಹಿಡಿಯಬಹುದು. ಆದರೆ ಮಳೆ ಜೂನ್ ತಿಂಗಳಲ್ಲಿಯೇ ಬರುತ್ತದೆ. ಒಡೆದ ಹಂಚು ಬದಲಿಸುವವರು ಯಾರು? ತಾಯಿಯ ಔಷಧದ ಖರ್ಚು ಯಾರದು? ಪಾಲು ತೀರ್ಮಾನವಾಗದೆ ಒಂದು ಹಂಚನ್ನೂ ಮುಟ್ಟುವುದಿಲ್ಲ ಎಂದು ಇಬ್ಬರೂ ಹಟ ಹಿಡಿದರೆ, ನೆನೆಯುವವಳು ತಾಯಿ.

ವಾಜರ ದಾರಿ ಇಲ್ಲಿಯೂ ನಡೆಯುತ್ತದೆ. ಮೊದಲು ತಮ್ಮನು ಅಣ್ಣನ ಕಾಗದವನ್ನು ಪೂರ್ತಿ ಓದಲಿ. ಅಣ್ಣನ ಮಾತನ್ನು ಅಣ್ಣನೇ ಹೌದೆನ್ನುವಂತೆ ತನ್ನ ಬಾಯಿಂದ ಹೇಳಲಿ. ಅದರಲ್ಲಿ ಒಪ್ಪುವಂಥದ್ದನ್ನು ಮೊದಲು ಒಪ್ಪಲಿ. ಉಳಿದದ್ದರಲ್ಲಿ ಇಂದು ತೀರುವುದು ಯಾವುದು, ತೀರದ್ದು ಯಾವುದು ಎಂದು ಬೇರೆ ಮಾಡಲಿ. ತೀರದ್ದನ್ನು ಇಬ್ಬರೂ ನಂಬುವ ಮೂರನೆಯವರ ಮುಂದಿಟ್ಟು, ಅವರ ತೀರ್ಪಿಗೆ ತಲೆಬಾಗುವೆವೆಂದು ಮೊದಲೇ ಬರೆದುಕೊಳ್ಳಲಿ. ಅಲ್ಲಿಯವರೆಗೆ ಹಂಚಿನ ಖರ್ಚು ಅರ್ಧ ಅರ್ಧ. ಹಾಗೆಯೇ, ಬಿಡಬೇಡ, ಕೋರ್ಟಿಗೆ ಎಳೆ ಎಂದು ಹುರಿದುಂಬಿಸುವ ನಮ್ಮವರಿಗೆ, ಅಣ್ಣನ ಕಡೆಯಲ್ಲಿಯೂ ನ್ಯಾಯವಿದೆ ಎಂದು ಹೇಳುವ ಧೈರ್ಯ ಬರಲಿ.

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಪ್ರಭು ಯೇಸು ಕಲಿಸಿದ ಕ್ರಮವೂ ಇದೇ ಅಲ್ಲವೇ? ತಪ್ಪು ಮಾಡಿದ ಸೋದರನೊಡನೆ ಮೊದಲು ಒಬ್ಬನೇ ಮಾತನಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಸಭೆಯ ಮುಂದೆ ಹೇಳುವುದು ಕೊನೆಗೆ. ನಾವು ಮಾಡುವುದು ತಲೆಕೆಳಗು. ಮೊದಲು ಊರಿಗೆಲ್ಲ ಹೇಳುತ್ತೇವೆ. ಆಮೇಲೆ ಒಬ್ಬಿಬ್ಬರನ್ನು ನಮ್ಮ ಕಡೆಗೆ ಸೇರಿಸಿಕೊಳ್ಳುತ್ತೇವೆ. ಸೋದರನ ಮುಖ ನೋಡಿ ಮಾತ್ರ ಮಾತನಾಡುವುದಿಲ್ಲ.

ಮಕ್ಕಳಿಗೂ ಇದನ್ನು ಕಲಿಸಬಹುದು. ಎದುರು ಮಾತನಾಡಬೇಡ ಎಂದು ಬಾಯಿ ಮುಚ್ಚಿಸಿದ ಮಗು ವಿಧೇಯತೆ ಕಲಿಯುವುದಕ್ಕಿಂತ ಹೆಚ್ಚಾಗಿ ಗುಟ್ಟು ಮಾಡುವುದನ್ನು ಕಲಿಯುತ್ತದೆ. ನಿನ್ನ ಮಾತು ಹೇಳು, ಆದರೆ ಮೊದಲು ಅಮ್ಮ ಏನು ಹೇಳಿದಳೆಂದು ನೀನೇ ಹೇಳು ಎಂದು ಕೇಳಿ ನೋಡಿ. ಹೆಚ್ಚಿನ ಜಗಳಗಳು ಅಲ್ಲಿಯೇ ಅರ್ಧಕ್ಕೆ ಇಳಿಯುತ್ತವೆ. ಅಮ್ಮನೂ ಮಗುವಿನ ಮಾತನ್ನು ಹಾಗೆಯೇ ತಿರುಗಿ ಹೇಳಬೇಕೆಂಬುದನ್ನು ಮರೆಯಬಾರದು.

ಪ್ರತಿ ಜನವರಿ 16ರಂದು ನಾವು ಸಂತ ಜೋಸೆಫ್ ವಾಜರ ಹಬ್ಬ ಆಚರಿಸುತ್ತೇವೆ. ಮೇಣದ ಬತ್ತಿ ಹಚ್ಚುತ್ತೇವೆ, ಹರಕೆ ಹೇಳಿಕೊಳ್ಳುತ್ತೇವೆ. ಅದರೊಂದಿಗೆ, ಮಾತು ಬಿಟ್ಟು ವರ್ಷಗಳಾದ ಒಬ್ಬರ ಮನೆಯ ಬಾಗಿಲಿಗೆ ಹೋಗಿ ಅವರ ಮಾತನ್ನು ಒಮ್ಮೆ ಪೂರ್ತಿಯಾಗಿ ಕೇಳಿ ಬರೋಣ. ಒಪ್ಪಲೇಬೇಕೆಂದಿಲ್ಲ. ಕೇಳಿ ಬಂದರೆ ಸಾಕು. ನಮ್ಮ ಹೊಳೆಗಳನ್ನು ದಾಟಿ ಬಂದ ಆ ಬರಿಗಾಲ ಗುರುಗಳು ಮಂಗಳೂರಿನಲ್ಲಿ ಮೊದಲು ಮಾಡಿದ ಕೆಲಸವೂ ಅದೇ.